ಕಾಪಿರೈಟ್ ಕೆಲಸಕ್ಕೇ ಅಂತ ಸರ್ಕಾರಿ ವಕೀಲರು ಇರುತ್ತಾರಾ?

ಪ್ರಶ್ನೆ: ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ಕಾಪಿರೈಟ್ ಕಾನೂನು ತುಂಬಾ ಇಷ್ಟ. ಕಂಪನಿಗಳ ಪರ ವಾದಿಸುವುದಕ್ಕಿಂತ ಸರ್ಕಾರಿ ವಕೀಲನಾಗಿ ಇದೇ ಕೆಲಸ ಮಾಡಬೇಕು ಅಂತ ಆಸೆ. ಅಂಥ ಹುದ್ದೆ ಇದೆಯಾ? ಇದ್ದರೆ ಅಲ್ಲಿ ದಿನಾ ಏನು ಮಾಡ್ತಾರೆ?

ಉತ್ತರ: ಕಾನೂನು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ. ಆ ಹೆಸರಿನ ಹುದ್ದೆಗೆ ಅರ್ಜಿ ಕರೆಯಲಿ ಅಂತ ಕಾಯುತ್ತಾ ಕೂತರೆ ವಯಸ್ಸಿನ ಮಿತಿ ದಾಟಿಹೋಗುತ್ತದೆ. ಆದರೆ ಕೆಲಸ ಬೇಕಾದಷ್ಟಿದೆ. ಒಂದೇ ಮೇಜಿನ ಮೇಲೆ ಇಲ್ಲ, ಅಷ್ಟೇ.

ಕಾಪಿರೈಟ್ ವಿಷಯದಲ್ಲಿ ಸರ್ಕಾರಕ್ಕೆ ಹಲವು ವೇಷ. 1957ರ ಕಾಯ್ದೆ ಮಾಡಿದ್ದು ಅದೇ. ಕೃತಿ ನೋಂದಣಿ ಮಾಡುವುದು ಅದೇ, ನಕಲು ಮಾರುವವರನ್ನು ಹಿಡಿಯುವುದೂ ಅದೇ. ತಾನು ಪ್ರಕಟಿಸಿದ ಪುಸ್ತಕ, ನಕ್ಷೆ, ವರದಿಗಳಿಗೆ ಸರ್ಕಾರವೇ ಮಾಲೀಕ. ಅದರ ಹಕ್ಕು ಪ್ರಕಟಣೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಇನ್ನು ಬೇರೆಯವರ ಬರಹ, ಹಾಡು, ಫೋಟೋಗಳನ್ನು ದಿನಾ ಬಳಸಿಕೊಳ್ಳುವುದೂ ಸರ್ಕಾರವೇ. ಒಂದೊಂದು ವೇಷಕ್ಕೆ ಒಬ್ಬೊಬ್ಬ ವಕೀಲ ಬೇಕು.

ನಿಮ್ಮ ಊರಿನ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದಲೇ ಶುರು ಮಾಡೋಣ. ಕಾಪಿರೈಟ್ ಉಲ್ಲಂಘನೆ ಬರೀ ಸಿವಿಲ್ ವ್ಯಾಜ್ಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ರ ಪ್ರಕಾರ ಅದು ಅಪರಾಧವೂ ಹೌದು. 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾ, ಇಲ್ವಾ ಅಂತ ಹೈಕೋರ್ಟುಗಳು ಬೇರೆ ಬೇರೆ ಮಾತಾಡುತ್ತಿದ್ದವು. 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಸಂಜ್ಞೇಯ (ಅಂದರೆ ವಾರಂಟ್ ಇಲ್ಲದೆ ಹಿಡಿಯಬಹುದಾದ), ಜಾಮೀನುರಹಿತ ಅಪರಾಧ ಅಂತ ತೀರ್ಮಾನ ಕೊಟ್ಟಿತು. ಹಾಗಾಗಿ ಪೈರಸಿ ಕೇಸು ನಡೆಸುವುದು ಸರ್ಕಾರದ ಪರ ನಿಲ್ಲುವ ಸಹಾಯಕ ಸರ್ಕಾರಿ ಅಭಿಯೋಜಕರು. ಎಲ್ಲರೂ ಕರೆಯುವ ಹೆಸರು ಎಪಿಪಿ.

ಕೇಸು ಹೇಗಿರುತ್ತದೆ ಅಂದರೆ, ಯಾವುದೋ ಮೊಬೈಲ್ ಅಂಗಡಿ. ಹೊಸ ಸಿನಿಮಾಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಡುತ್ತಾರೆ ಅಂತ ಹಕ್ಕುದಾರರ ಕಡೆಯವರು ದೂರು ಕೊಡುತ್ತಾರೆ. ಸಬ್‌ಇನ್‌ಸ್ಪೆಕ್ಟರ್ ಹೋಗಿ ಕಂಪ್ಯೂಟರ್ ಎತ್ತಿಕೊಂಡು ಬರುತ್ತಾರೆ. ಸಬ್‌ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಿಗೆ ಆ ಅಧಿಕಾರ ಇಲ್ಲ. ಪಂಚರ ಮುಂದೆ ಮಹಜರು ಆಗುತ್ತದೆ. ವಿಚಾರಣೆಗೆ ಬರುವ ಹೊತ್ತಿಗೆ ಆ ಇಬ್ಬರು ಪಂಚರು 'ಸ್ಟೇಷನ್‌ಗೆ ಕರೆಸಿ ಸಹಿ ಹಾಕಿಸಿಕೊಂಡರು ಸ್ವಾಮಿ, ನಮಗೇನೂ ಗೊತ್ತಿಲ್ಲ' ಅಂದುಬಿಡುತ್ತಾರೆ. ಎಪಿಪಿ ಎದ್ದು ನಿಂತು ತನ್ನದೇ ಸಾಕ್ಷಿಯನ್ನು ಪ್ರತಿಕೂಲ ಅಂತ ಘೋಷಿಸಿ ಪಾಟೀ ಸವಾಲು ಮಾಡಬೇಕು. ಆಮೇಲೆ ಹಾರ್ಡ್‌ಡಿಸ್ಕ್. ಅದರೊಳಗಿನ ಫೈಲನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನ ಡಿಜಿಟಲ್ ಬೆರಳಚ್ಚು, ನಮೂದಾಗಬೇಕು. ಅಪರಾಧ ಹೇಳುವುದೂ ಸೆಕ್ಷನ್ 63, ಅದನ್ನು ಸಾಬೀತು ಮಾಡಲು ಬೇಕಾದ ಕಾಗದದ್ದೂ ಸೆಕ್ಷನ್ 63. ಕಾಯ್ದೆ ಮಾತ್ರ ಬೇರೆ. ಎರಡನೇ 63 ಮರೆತು ಮೊದಲನೇ 63 ಕೈಬಿಟ್ಟು ಹೋಗುವುದು ಅಪರೂಪವೇನಲ್ಲ.

ಇಲ್ಲಿ ಒಂದು ಹಳೇ ತೀರ್ಪು ಜೇಬಿನಲ್ಲಿರಬೇಕು. ವಿಡಿಯೊ ಕ್ಯಾಸೆಟ್ ಕಾಲದ್ದು, ಆಂಧ್ರದ ನಾಗೋತಿ ವೆಂಕಟರಮಣ ಪ್ರಕರಣ, 1996. ಸಿನಿಮಾದ ಮಾಲೀಕರನ್ನೇ ಕರೆತಂದು ಸಾಕ್ಷಿ ಹೇಳಿಸಿಲ್ಲ, ಹಾಗಾಗಿ ಕೇಸು ನಿಲ್ಲಲ್ಲ ಅನ್ನುವುದು ಆರೋಪಿ ಕಡೆಯ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕ್ಯಾಸೆಟ್ ಮೇಲೆ ಇರಲೇಬೇಕಾದ ಸೆಕ್ಷನ್ 52ಎ ವಿವರಗಳು (ತಯಾರಿಸಿದವರು, ಹಕ್ಕುದಾರರು ಯಾರು ಅನ್ನುವಂಥವು) ಇಲ್ಲದಿದ್ದರೆ ಸಾಕು, ಪ್ರಾಸಿಕ್ಯೂಷನ್ ಮಾಲೀಕನನ್ನು ಹುಡುಕಿಕೊಂಡು ಹೋಗಬೇಕಿಲ್ಲ ಅಂದಿತು. ಮುಂಬೈಯಲ್ಲೋ ಚೆನ್ನೈಯಲ್ಲೋ ಇರುವ ನಿರ್ಮಾಪಕರು ತಾಲ್ಲೂಕು ಕೋರ್ಟಿಗೆ ಸಮನ್ಸ್ ಹಿಡಿದು ಬರುವುದು ಎಷ್ಟು ಕಷ್ಟ ಅಂತ ಗೊತ್ತಿರುವ ಎಪಿಪಿಗೆ ಈ ತೀರ್ಪಿನ ಬೆಲೆ ಗೊತ್ತು.

ಹೈಕೋರ್ಟಿಗೆ ಬಂದರೆ ಕರ್ನಾಟಕದ್ದೇ ಒಂದು ವಿಶೇಷ ಇದೆ. ನಮ್ಮ ರಾಜ್ಯದ ಗೂಂಡಾ ಕಾಯ್ದೆ 1985ರದ್ದು. ಆಮೇಲಿನ ತಿದ್ದುಪಡಿಗಳಲ್ಲಿ ಅದರೊಳಗೆ ವಿಡಿಯೊ, ಆಡಿಯೊ ಪೈರಸಿ ಮಾಡುವವರನ್ನೂ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಿದರು. ಕಳ್ಳಬಟ್ಟಿ ಮಾರುವವರು, ಜೂಜುಕೋರರ ಸಾಲಿನಲ್ಲಿ ಸಿನಿಮಾ ನಕಲು ಮಾಡುವವರೂ ಬಂದು ನಿಂತರು. ವಿಚಾರಣೆ ಇಲ್ಲದೆ ವರ್ಷದವರೆಗೆ ಬಂಧನದಲ್ಲಿ ಇಡಬಹುದು. ಇದು ಅತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಸರ್ಕಾರಿ ವಕೀಲರಿಗೆ ಅಲ್ಲಿ ಅಭಿಪ್ರಾಯ ಕೇಳುವುದಿಲ್ಲ. ಇಂಥ ಆದೇಶದ ವಿರುದ್ಧ ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧನ ಅಕ್ರಮ, ಬಿಡಿಸಿ ಅನ್ನುವ ಅರ್ಜಿ) ಬಂದರೆ ಸಮರ್ಥಿಸಿಕೊಳ್ಳಬೇಕಾದ್ದು ಅವರೇ. ಆ ವಾದದಲ್ಲಿ ಕಾಪಿರೈಟ್ ಮಾತು ಬರುವುದೇ ಕಮ್ಮಿ. ಬಂಧಿತನಿಗೆ ಗೊತ್ತಿರುವ ಭಾಷೆಯಲ್ಲಿ ದಾಖಲೆ ಕೊಟ್ರಾ? ಕೊಟ್ಟ ಜೆರಾಕ್ಸ್ ಓದಲು ಬರುತ್ತಿತ್ತಾ? ಅವನ ಮನವಿ ಎಷ್ಟು ದಿನ ಮೇಜಿನ ಮೇಲೆ ಕೂತಿತ್ತು? ಕೇಸು ಗೆಲ್ಲುವುದು, ಸೋಲುವುದು ಇಂಥ ಪ್ರಶ್ನೆಗಳ ಮೇಲೆ.

ಇನ್ನು ನನ್ನ ಪ್ರಕಾರ ನಿಜವಾದ ಕಾಪಿರೈಟ್ ಕೆಲಸ ಇರುವ ಜಾಗ: ಇಲಾಖೆಗಳಿಗೆ ಸಲಹೆ ಕೊಡುವುದು. ಯಾರೂ ಇದನ್ನು ಸಿನಿಮಾದಲ್ಲಿ ತೋರಿಸುವುದಿಲ್ಲ.

2022ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ಜೋರಾಗಿತ್ತು. ದೇವನೂರ ಮಹಾದೇವ ಅವರು ತಮ್ಮ ಬರಹ ಪಾಠವಾಗುವುದಕ್ಕೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆದರು. ಅವರ ಬೆನ್ನಿಗೆ ಇನ್ನೂ ಕೆಲವು ಲೇಖಕರು ಹಾಗೇ ಮಾಡಿದರು. ಟಿವಿಯಲ್ಲಿ ಅದು ರಾಜಕೀಯ ಚರ್ಚೆಯಾಗಿಯೇ ಉಳಿಯಿತು. ಆದರೆ ಕಾನೂನು ವಿದ್ಯಾರ್ಥಿಗೆ ಅಲ್ಲೊಂದು ಒಳ್ಳೆಯ ಪ್ರಶ್ನೆ ಇದೆ: ಕೊಟ್ಟ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದಾ?

ಇಂಥ ಕಡತ ನಿಮ್ಮ ಮೇಜಿಗೆ ಬಂದರೆ ಮೊದಲು ಒಪ್ಪಿಗೆಯೇ ಬೇಕಿತ್ತಾ ಅಂತ ನೋಡಬೇಕು. ಪಾಠಕ್ಕಾಗಿ ಚಿಕ್ಕ ಭಾಗಗಳನ್ನು ಬಳಸಲು ಸೆಕ್ಷನ್ 52ರಲ್ಲಿ ವಿನಾಯಿತಿ ಇದೆ. ಆದರೆ ಅದಕ್ಕೆ ಷರತ್ತುಗಳಿವೆ. ಆ ಸಂಕಲನದಲ್ಲಿ ಹೆಚ್ಚಿನ ಭಾಗ ಕಾಪಿರೈಟ್ ಇಲ್ಲದ ಬರಹವೇ ಆಗಿರಬೇಕು. ಒಬ್ಬ ಲೇಖಕರಿಂದ ಒಬ್ಬ ಪ್ರಕಾಶಕರು ಐದು ವರ್ಷದಲ್ಲಿ ಎರಡಕ್ಕಿಂತ ಜಾಸ್ತಿ ಭಾಗ ತೆಗೆದುಕೊಳ್ಳುವಂತಿಲ್ಲ. ವಚನ, ಹಳಗನ್ನಡ ಕಾವ್ಯವೇ ತುಂಬಿದ ಪುಸ್ತಕಕ್ಕೆ ಇದು ಹೊಂದುತ್ತದೆ. ಹೊಸಗನ್ನಡದ ಬರಹಗಳೇ ಜಾಸ್ತಿ ಇರುವ ಪುಸ್ತಕಕ್ಕೆ ಹೊಂದುವುದು ಕಷ್ಟ. ಅಂದರೆ ಒಪ್ಪಿಗೆ ಬೇಕು.

ಆಮೇಲೆ ಒಪ್ಪಿಗೆ ಪತ್ರ ಹುಡುಕಬೇಕು. ಕಾಯ್ದೆ ಪ್ರಕಾರ ಅದು ಬರಹದಲ್ಲಿ ಇರಬೇಕು. 'ನನ್ನ ಲೇಖನ ಬಳಸಿಕೊಳ್ಳಲು ಅಭ್ಯಂತರವಿಲ್ಲ' ಅನ್ನುವ ಒಂದು ಸಾಲಿನ ಪತ್ರ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ. ಆಗ ಸೆಕ್ಷನ್ 19 ಉತ್ತರ ಕೊಡುತ್ತದೆ: ಅವಧಿ ಹೇಳದಿದ್ದರೆ ಐದು ವರ್ಷ ಅಂತ ತಿಳಿಯಬೇಕು. ಲೈಸೆನ್ಸ್‌ಗೂ ಇದೇ ನಿಯಮ ಅಂತ 30ಎ ಹೇಳುತ್ತದೆ. ಪತ್ರ ಆರು ವರ್ಷ ಹಳೆಯದಾಗಿದ್ದರೆ ಹಿಂಪಡೆಯುವ ಪ್ರಶ್ನೆಯೇ ಬರುವುದಿಲ್ಲ, ಅದು ಆಗಲೇ ಮುಗಿದಿದೆ. ಐದು ವರ್ಷದ ಒಳಗಿದ್ದರೆ ಇಲಾಖೆಗೆ ಮಾತಾಡಲು ಜಾಗ ಇದೆ. ಅದರ ಜೊತೆಗೆ ಸೆಕ್ಷನ್ 57 ಇದೆ. ಬರಹವನ್ನು ತಿರುಚಿ ಲೇಖಕರ ಗೌರವಕ್ಕೆ ಕುಂದು ಬರುವಂತೆ ಮಾಡಿದರೆ, ಹಕ್ಕನ್ನು ಪೂರ್ತಿ ಬರೆದುಕೊಟ್ಟ ಮೇಲೂ ಅವರು ಕೋರ್ಟಿಗೆ ಹೋಗಬಹುದು. ಕಾನೂನಿನ ಮೂರು ಸೆಕ್ಷನ್, ಒಂದು ಸಾಲಿನ ಪತ್ರ, ಮಧ್ಯೆ ಪ್ರೆಸ್‌ನಲ್ಲಿ ಅಚ್ಚಾಗಿ ಕೂತ ಪುಸ್ತಕಗಳು. ಇಂಥ ಸಮಯದಲ್ಲಿ 'ಸರ್, ನಮ್ಮ ಹತ್ತಿರ ಹಕ್ಕಿಲ್ಲ' ಅಂತ ಟಿಪ್ಪಣಿ ಬರೆದು ಸಹಿ ಹಾಕುವ ಧೈರ್ಯ ಇರುವವರೇ ಒಳ್ಳೆಯ ಸರ್ಕಾರಿ ವಕೀಲರು. ವಾದ ಮಾಡುವುದು ಅದಕ್ಕಿಂತ ಸುಲಭ.

ಆ ಧೈರ್ಯ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮದುವೆ ಮನೆ ಹಾಡಿನ ಕಥೆ ನೋಡಿ. ಧಾರ್ಮಿಕ ಸಮಾರಂಭದಲ್ಲಿ ಹಾಡು ಹಾಕಿದರೆ ಉಲ್ಲಂಘನೆ ಅಲ್ಲ, ಮದುವೆ ಮೆರವಣಿಗೆ ಮತ್ತು ಮದುವೆಯ ಸಂಭ್ರಮಗಳೂ ಅದರಲ್ಲೇ ಸೇರುತ್ತವೆ ಅಂತ ಕಾಯ್ದೆಯಲ್ಲೇ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ನೆನಪಿಸಿ ಸಾರ್ವಜನಿಕ ಸೂಚನೆ ಹೊರಡಿಸಿತು. 2024ರ ಜನವರಿಯಲ್ಲಿ ಗೋವಾ ಸರ್ಕಾರ ಕಾಯ್ದೆ ಹೇಳಿದ್ದನ್ನೂ ದಾಟಿ ತಾನೂ ಒಂದು ಸುತ್ತೋಲೆ ತಂದಿತು. ಹಾಡಿನ ಹಕ್ಕು ಇಟ್ಟುಕೊಂಡ ಸಂಸ್ಥೆ ಕೋರ್ಟಿಗೆ ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಸುತ್ತೋಲೆಯನ್ನು ರದ್ದು ಮಾಡಿತು. ಕಾಯ್ದೆಯಲ್ಲಿ ಇಲ್ಲದ್ದನ್ನು ಸುತ್ತೋಲೆಯಲ್ಲಿ ಸೇರಿಸಲು ಬರುವುದಿಲ್ಲ. ಇದು ಮೊದಲ ವರ್ಷದ ಪಾಠ. ಆದರೂ ಕರಡು ಬರೆಯುವ ಮೇಜಿನ ಮೇಲೆ ಮೊದಲು ಮರೆತುಹೋಗುವುದು ಅದೇ.

ದೆಹಲಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಪಿರೈಟ್ ಕಚೇರಿ ಇರುವುದು ದ್ವಾರಕಾದಲ್ಲಿ. 2016ರಿಂದ ಅದು ಕೈಗಾರಿಕಾ ಉತ್ತೇಜನದ ಇಲಾಖೆಯ ಕೆಳಗೆ ಬಂದಿದೆ. ಸಾಹಿತ್ಯ ಕೃತಿ ನೋಂದಣಿಗೆ 500 ರೂಪಾಯಿ, ಸಿನಿಮಾಗೆ 5,000. ಅರ್ಜಿ ಹಾಕಿದ ಮೇಲೆ ಡೈರಿ ನಂಬರ್ ಸಿಗುತ್ತದೆ, ಆಕ್ಷೇಪಣೆಗೆ 30 ದಿನ ಕಾಯುತ್ತಾರೆ, ಆಮೇಲೆ ಪರೀಕ್ಷಕರು ನೋಡುತ್ತಾರೆ. ಹೆಚ್ಚಿನ ದಿನ ಒಂದೇ ತರಹದ ಕೆಲಸ. ಮಧ್ಯೆ ಒಮ್ಮೊಮ್ಮೆ ಮಜಾ ಇರುತ್ತದೆ. 2020ರಲ್ಲಿ ಒಂದು ಚಿತ್ರಕ್ಕೆ ಎಐ ಆ್ಯಪ್ ಅನ್ನು ಸಹಕರ್ತೃ ಅಂತ ದಾಖಲಿಸಿ ನೋಂದಣಿ ಕೊಟ್ಟರು. ಮರುವರ್ಷ ಅದನ್ನು ವಾಪಸ್ ಪಡೆಯುವುದಾಗಿ ಕಚೇರಿಯೇ ನೋಟಿಸ್ ಕಳಿಸಿತು. ಕಾಯ್ದೆ, ನಿಯಮಗಳಿಗೆ ಕಾನೂನು ಸಲಹೆ ಕೊಡುವವರು ಇಂಡಿಯನ್ ಲೀಗಲ್ ಸರ್ವಿಸ್‌ನವರು. ಆ ಹುದ್ದೆಗಳಿಗೆ ನೇಮಕ ಯುಪಿಎಸ್‌ಸಿ ಮೂಲಕ.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ 'ಇಲ್ಲಿಗೆ ಬಾ, ಇಲ್ಲಿ ಅದಕ್ಕೇ ಅಂತ ವಕೀಲರಿದ್ದಾರೆ' ಅಂದಿರಬಹುದು. ಅದು ನಿಜವೇ. ಅಲ್ಲಿನ ನ್ಯಾಯ ಇಲಾಖೆಯಲ್ಲಿ ಬೌದ್ಧಿಕ ಸ್ವತ್ತಿಗೇ ವಿಭಾಗ ಇದೆ. ಆದರೆ ಆಟ ಉಲ್ಟಾ. ಅಮೆರಿಕದ ಕೇಂದ್ರ ಸರ್ಕಾರ ತಾನೇ ಸೃಷ್ಟಿಸಿದ ಕೃತಿಗೆ ಆ ದೇಶದಲ್ಲಿ ಕಾಪಿರೈಟ್ ಇಲ್ಲವೇ ಇಲ್ಲ. ಹಾಗಾಗಿ ಸರ್ಕಾರದ ಹಕ್ಕಿಗಾಗಿ ಹೋರಾಡುವ ಕೆಲಸ ಕಮ್ಮಿ. ಸರ್ಕಾರವೇ ಬೇರೆಯವರ ಕೃತಿ ಬಳಸಿ ಸಿಕ್ಕಿಬಿದ್ದಾಗ ಬಚಾವು ಮಾಡುವ ಕೆಲಸ ಇದೆ. ಅಂಥ ದಾವೆ ಹಾಕಲು ಒಂದೇ ಕೋರ್ಟು, ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್. ಅಲ್ಲಿ ತಡೆಯಾಜ್ಞೆ ಸಿಗುವುದಿಲ್ಲ, ದುಡ್ಡು ಮಾತ್ರ.

ಅಲ್ಲಿನ ಅಂಚೆ ಇಲಾಖೆ 2010ರಲ್ಲಿ ಸ್ವಾತಂತ್ರ್ಯ ದೇವಿಯ ಅಂಚೆಚೀಟಿ ತಂದಿತು. ಫೋಟೋ ಏಜೆನ್ಸಿಗೆ ಕೊಟ್ಟಿದ್ದು 1,500 ಡಾಲರ್. ಆಮೇಲೆ ಗೊತ್ತಾಯಿತು, ಫೋಟೋದಲ್ಲಿರುವುದು ನ್ಯೂಯಾರ್ಕಿನ ಮೂಲ ಪ್ರತಿಮೆ ಅಲ್ಲ, ಲಾಸ್ ವೇಗಸ್‌ನ ಹೋಟೆಲೊಂದರ ಮುಂದಿರುವ ನಕಲು! ಗೊತ್ತಾದ ಮೇಲೂ ಮಾರಾಟ ನಿಲ್ಲಲಿಲ್ಲ. ಆ ಪ್ರತಿಮೆ ಮಾಡಿದ ಶಿಲ್ಪಿ ರಾಬರ್ಟ್ ಡೇವಿಡ್‌ಸನ್ ದಾವೆ ಹಾಕಿದರು. ಹಳೇ ಪ್ರತಿಮೆಯ ನಕಲಿಗೆ ಎಂಥ ಸ್ವಂತಿಕೆ ಅಂತ ಸರ್ಕಾರಿ ವಕೀಲರ ವಾದ. ಮುಖ ಬೇರೆ ಇದೆ, ಅದನ್ನು ಕೆತ್ತುವಾಗ ಕಣ್ಣ ಮುಂದೆ ಇದ್ದದ್ದು ತನ್ನ ಅತ್ತೆಯ ಫೋಟೋ ಅಂತ ಶಿಲ್ಪಿ. ಕೋರ್ಟ್ ಆ ಮುಖವನ್ನು ಒಪ್ಪಿತು. 2018ರಲ್ಲಿ ಸುಮಾರು 35 ಲಕ್ಷ ಡಾಲರ್ ಕೊಡಿ ಅಂದಿತು. ಅಚ್ಚಿಗೆ ಹೋಗುವ ಮೊದಲು ಇದು ಯಾವ ಪ್ರತಿಮೆ ಅಂತ ಯಾರಾದರೂ ಒಬ್ಬರು ಕೇಳಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ, ಅಲ್ವಾ? ಅಂದಹಾಗೆ, ಅಲ್ಲಿ ಇಂಥ ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ಆ ದೇಶದ ಪೌರತ್ವ ಬೇಕು. ಎಲ್‌ಎಲ್‌ಎಂ ಮಾಡಿಕೊಂಡು ಹೋದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ನನ್ನ ಸಲಹೆ: ಮೊದಲು ಕ್ರಿಮಿನಲ್ ಕೋರ್ಟಿನಲ್ಲಿ ಕೈ ಪಳಗಿಸಿಕೊಳ್ಳಿ. ಎಪಿಪಿ ನೇಮಕಾತಿಗೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಅದರಲ್ಲಿ ಕಾಪಿರೈಟ್ ಜಾಣತನ ಕೈ ಹಿಡಿಯುವುದಿಲ್ಲ, ಸಾಕ್ಷ್ಯ ಮತ್ತು ಕ್ರಿಮಿನಲ್ ಪ್ರಕ್ರಿಯೆ ಹಿಡಿಯುತ್ತವೆ. ಸೆಷನ್ಸ್ ಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಲು ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು, ವಿಶೇಷ ಪ್ರಾಸಿಕ್ಯೂಟರ್‌ಗೆ 10. ಹೈಕೋರ್ಟಿನಲ್ಲಿ ಸರ್ಕಾರಿ ಪ್ಲೀಡರ್ ಆಗುವುದು, ಕೇಂದ್ರದ ಪ್ಯಾನೆಲ್‌ಗೆ ಸೇರುವುದು ಅನುಭವ ಮತ್ತು ಹೆಸರು ಬಂದ ಮೇಲಿನ ಮಾತು. ಯಾವುದಾದರೂ ಇಲಾಖೆಯಲ್ಲೋ ಅಕಾಡೆಮಿಯಲ್ಲೋ ಸಂಬಳದ ಕಾನೂನು ಅಧಿಕಾರಿ ಕೆಲಸ ಸಿಕ್ಕರೆ, ಕೋರ್ಟಿನಲ್ಲಿ ವಾದಿಸುವುದು ಆ ಹುದ್ದೆಯ ಭಾಗವಾ ಅಂತ ಸೇರುವ ಮೊದಲೇ ಕೇಳಿಕೊಳ್ಳಿ. ಅಲ್ಲದಿದ್ದರೆ ಸನದು, ಅಂದರೆ ವಕೀಲಿಕೆಯ ಪರವಾನಗಿ, ಅಮಾನತಿನಲ್ಲಿ ಇಡಬೇಕಾಗುತ್ತದೆ.

ಅಲ್ಲಿಯವರೆಗೆ ತೀರ್ಪುಗಳನ್ನು ಓದಿ, ಸ್ವಂತ ಟಿಪ್ಪಣಿ ಮಾಡಿಕೊಳ್ಳಿ. ಕೋರ್ಟಿನ ತೀರ್ಪನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಕೋರ್ಟೇ ಬೇಡ ಅನ್ನದಿದ್ದರೆ. ಆದರೆ ಖಾಸಗಿ ಪ್ರಕಾಶಕರು ತೀರ್ಪಿನ ತಲೆಗೆ ಬರೆದ ಸಾರಾಂಶವನ್ನು, ಅಂದರೆ ಹೆಡ್‌ನೋಟನ್ನು, ಹಾಗೇ ಎತ್ತಿ ನಿಮ್ಮ ನೋಟ್ಸ್ ಅಂತ ಮಾರಲು ಹೋಗಬೇಡಿ. ತೀರ್ಪಿನ ಪಠ್ಯಕ್ಕೆ ಪ್ರಕಾಶಕರು ಮಾಡಿದ ಪ್ಯಾರಾ ವಿಂಗಡಣೆಗೂ ರಕ್ಷಣೆ ಇದೆ ಅಂತ 2007ರಲ್ಲೇ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.