ಪ್ರಿಂಟ್ ಸವೆಯುವುದು ತುದಿಯಿಂದ

ಬಾಗಲಕೋಟೆ ಜಿಲ್ಲೆಯ ರಬಕವಿ, ಬನಹಟ್ಟಿ ಅಂದರೆ ಒಂದಕ್ಕೊಂದು ಅಂಟಿಕೊಂಡ ಊರುಗಳು. ಫಿಲ್ಮ್ ಕಾಲದಲ್ಲಿ ಒಂದೇ ಪ್ರಿಂಟನ್ನು, ಅಂದರೆ ಸಿನಿಮಾದ ಒಂದೇ ಫಿಲ್ಮ್ ಪ್ರತಿಯನ್ನು, ಎರಡು ಟಾಕೀಸಿನಲ್ಲಿ ಓಡಿಸುತ್ತಿದ್ದ ಲೆಕ್ಕ ತಿಳಿಯಲು ಈ ಜೋಡಿಯನ್ನೇ ಇಟ್ಟುಕೊಳ್ಳೋಣ.

35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಅಡಿಗೆ 16 ಫ್ರೇಮ್. ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ತಾಸಿನ ಸಿನಿಮಾಕ್ಕೆ 13,500 ಅಡಿ ಬೇಕು. 2,000 ಅಡಿಯ ಸ್ಪೂಲ್ (ಫಿಲ್ಮ್ ಸುರುಳಿ) ಸುಮಾರು 22 ನಿಮಿಷ ಬರುತ್ತದೆ. ಬನಹಟ್ಟಿಯಲ್ಲಿ 6ಕ್ಕೆ ಷೋ ಶುರುವಾದರೆ 6:22ಕ್ಕೆ ಮೊದಲ ಸ್ಪೂಲ್ ಇಳಿಯುತ್ತದೆ, ಅದನ್ನು ಹಿಂದಕ್ಕೆ ಸುತ್ತಿ, ಡಬ್ಬಿಗೆ ಹಾಕಿ, ಸೈಕಲ್ಲಿಗೆ ಕಟ್ಟಿ 6:45ರ ಷೋಗೆ ಮೊದಲೇ ರಬಕವಿಯ ಪ್ರೊಜೆಕ್ಟರಿಗೆ ಏರಿಸಬೇಕಿತ್ತು. ಮಧ್ಯೆ ಪಂಕ್ಚರ್ ಆದರೆ ಸೀಟಿ ಹೊಡೆಸಿಕೊಳ್ಳೋದು ಪಾಪ ಆಪರೇಟರ್.

ಹಾಳಾಗೋದು ಈ ಅವಸರದಲ್ಲೇ. ಸಡಿಲ ಸುತ್ತಿದ ಫಿಲ್ಮನ್ನು ತುದಿ ಹಿಡಿದು ಎಳೆದು ಬಿಗಿ ಮಾಡಿದರೆ ಸುತ್ತಿಗೆ ಸುತ್ತು ಉಜ್ಜುತ್ತದೆ, ನಡುವೆ ಕೂತ ಧೂಳು ಗೀರುತ್ತದೆ. ಮಗ್ಗದ ಊರು ಬೇರೆ, ಗಾಳಿಯಲ್ಲೆಲ್ಲ ನೂಲಿನ ಎಳೆ. ಅದು ಪ್ರೊಜೆಕ್ಟರಿನ ಗೇಟಿನಲ್ಲಿ (ಫಿಲ್ಮಿಗೆ ಬೆಳಕು ಬೀಳುವ ಕಿಂಡಿ) ಸಿಕ್ಕಿದರೆ ಪರದೆ ಅಂಚಿನಲ್ಲಿ ಕೂದಲು ಕುಣಿದ ಹಾಗೆ ಕಾಣುತ್ತೆ.

ಗೀರಿನ ಬಣ್ಣ ನೋಡಿ, ಅದೇ ಎಲ್ಲ ಹೇಳುತ್ತದೆ. ಹೊಳೆಯುವ ಬದಿಯಲ್ಲಿ ಬಿದ್ದ ಗೀರು ಪರದೆ ಮೇಲೆ ಕಪ್ಪು ಗೆರೆ. ಮಂಕು ಬದಿ ಅಂದರೆ ಬಣ್ಣದ ಪದರ ಇರುವ ಬದಿ. ಕಲರ್ ಪ್ರಿಂಟಿನಲ್ಲಿ ಅದರ ಮೇಲಿನ ಮೆಜೆಂಟಾ (ನೇರಳೆ-ಗುಲಾಬಿ) ಪದರ ಕಿತ್ತರೆ ಹಸಿರು ಗೆರೆ, ಇನ್ನೂ ಆಳಕ್ಕೆ ಹೋದರೆ ಹಳದಿ, ಕೊನೆಗೆ ಬಿಳಿ. ಯಾವ ಬದಿ ಅಂತ ಗೊತ್ತಾಗದಿದ್ದರೆ ಹಳೇ ಆಪರೇಟರುಗಳು ಒದ್ದೆ ತುಟಿಗೆ ತಾಗಿಸಿ ನೋಡುತ್ತಿದ್ದರು, ಮಂಕು ಬದಿ ಅಂಟುತ್ತದೆ. ಬೇಡದ ತುಂಡಿನ ಮೇಲೆ ಮಾತ್ರ ಮಾಡಿ.

ನಾನು ಹತ್ತಿಯ ಗ್ಲೌಸ್ ಹಾಕಿಕೊಂಡು ಒಂದು ಹಳೇ ರೀಲಿನ ಅಂಚನ್ನು ಬೆರಳಲ್ಲಿ ಹಿಡಿದು ನಿಧಾನ ಸುತ್ತಿದೆ. ಮೊದಲ 50 ಅಡಿಯಲ್ಲೇ ಒಂಬತ್ತು ಜಾಯಿಂಟ್ ಕೈಗೆ ತಡೆದವು! ನಡುಭಾಗ ಮಾತ್ರ ನುಣ್ಣಗಿತ್ತು. ಎಳೆಯೋದು, ನೆಲಕ್ಕೆ ತಾಗಿಸೋದು, ಸಿಕ್ಕಿಸೋದು ಎಲ್ಲ ತುದಿಗೇ ಅಲ್ವಾ. ಹರಿದಾಗಲೆಲ್ಲ ಒಂದೆರಡು ಫ್ರೇಮ್ ಕತ್ತರಿಸಿ ಅಂಟಿಸುತ್ತಿದ್ದರು. ಫಿಲ್ಮಿನ ಮೇಲೆ ಧ್ವನಿ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಇರುವುದರಿಂದ ಚಿತ್ರ ಒಮ್ಮೆ ಹಾರುತ್ತದೆ, ಮಾತು ಇನ್ನೊಮ್ಮೆ ಹಾರುತ್ತದೆ.

ಹೀಗೆ ಕತ್ತರಿಸುತ್ತಾ ಹೋದರೆ ರೀಲ್ ಬದಲಿಸುವ ಹೊತ್ತು ತಿಳಿಸಲು ಪರದೆಯ ಬಲ ಮೇಲ್ಮೂಲೆಯಲ್ಲಿ ಮಿಂಚುವ ಚುಕ್ಕೆಗಳೂ ಹೋಗುತ್ತಿದ್ದವು. ಆಗ ಆಪರೇಟರ್ ಮೊಳೆಯಿಂದ ತನ್ನದೇ ಗುರುತು ಕೆರೆಯುತ್ತಿದ್ದ, ಮುಂದಿನ ಟಾಕೀಸಿನವನು ಅದರ ಪಕ್ಕ ಇನ್ನೊಂದು. ನನ್ನ ರೀಲಿನ ಕೊನೆಯಲ್ಲಿ ಅಂಥ ನಾಲ್ಕು ಗುರುತು ಇದ್ದವು, ಒಂದು ನಾಯಕಿಯ ಹಣೆ ಮೇಲೇ.