ಯಾವ ಪಾರ್ಟಿಷನ್ ಮುಟ್ಟಬೇಕಿಲ್ಲ? ಪೋಸ್ಟ್‌ಗ್ರೆಸ್ ಇದನ್ನು ಕಲಿತ ಕಥೆ

ದೊಡ್ಡ ಟೇಬಲ್ ಅನ್ನು ತಿಂಗಳಿಗೊಂದರಂತೆ ಪಾರ್ಟಿಷನ್‌ಗಳಾಗಿ, ಅಂದರೆ ತುಂಡುಗಳಾಗಿ, ಒಡೆದಿಟ್ಟರೆ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ತಾನಾಗೇ ಚುರುಕಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸುಮ್ನೆ ಒಡೆದರೆ ಏನೂ ಆಗುವುದಿಲ್ಲ. ಮಾರ್ಚ್ ತಿಂಗಳ ಲೆಕ್ಕ ಕೇಳಿದಾಗ ಉಳಿದ 11 ಪಾರ್ಟಿಷನ್‌ಗಳ ತಂಟೆಗೆ ಹೋಗಬೇಕಿಲ್ಲ ಎಂದು ಡೇಟಾಬೇಸ್‌ಗೆ ಹೊಳೆಯಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಅದು ಸರಿಯಾಗಿ ಹೊಳೆಯಲು 13 ವರ್ಷ ಹಿಡಿಯಿತು.

ಒರಾಕಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಪಾರ್ಟಿಷನ್ 1997ರಲ್ಲೇ, 8ನೇ ಆವೃತ್ತಿಯಲ್ಲಿ ಬಂದಿತ್ತು. ಪೋಸ್ಟ್‌ಗ್ರೆಸ್ 2005ರಲ್ಲಿ, 8.1ರಲ್ಲಿ, ಮನೆಯಲ್ಲಿದ್ದ ಸಾಮಾನಿನಲ್ಲೇ ಕೆಲಸ ಮುಗಿಸಿತು. ಒಂದು ತಾಯಿ ಟೇಬಲ್, ಕೆಳಗೆ ಮಕ್ಕಳ ಟೇಬಲ್‌ಗಳು. 'ಇಲ್ಲಿ ಈ ತಿಂಗಳ ಸಾಲುಗಳು ಮಾತ್ರ' ಎಂದು ಪ್ರತಿಯೊಂದಕ್ಕೂ ಒಂದು ಷರತ್ತು (ಚೆಕ್ ಕನ್‌ಸ್ಟ್ರೇಂಟ್). ಕ್ವೆರಿ ಬಂದಾಗ, ಓಡಿಸುವ ಮುಂಚೆ ಅದರ ದಾರಿ ಯೋಜಿಸುವ ಪ್ಲಾನರ್ ಈ ಷರತ್ತುಗಳನ್ನು ಒಂದೊಂದಾಗಿ ಓದಿ, ಹೊಂದದ ಟೇಬಲ್‌ಗಳನ್ನು ಕೈಬಿಡುತ್ತಿತ್ತು. ಇದಕ್ಕೆ ಕನ್‌ಸ್ಟ್ರೇಂಟ್ ಎಕ್ಸ್‌ಕ್ಲೂಷನ್ ಎಂದು ಹೆಸರು. ಹೊಸ ಸಾಲು ಯಾವ ಮಗುವಿಗೆ ಹೋಗಬೇಕು ಎಂದು ತೀರ್ಮಾನಿಸುವ ಟ್ರಿಗರ್ (ಸಾಲು ಸೇರಿಸುವಾಗ ತಾನಾಗೇ ಓಡುವ ಕೋಡ್) ಮಾತ್ರ ನಾವೇ ಬರೆಯಬೇಕಿತ್ತು.

ಒಂದೊಂದಾಗಿ ಓದುವುದೇ ತಲೆನೋವಾಯಿತು. ನೂರರವರೆಗೆ ಪರವಾಗಿಲ್ಲ, ಸಾವಿರಾರು ಬೇಡ ಎಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಹೇಳುತ್ತಿತ್ತು. ಇನ್ನೊಂದು ಕಾಟ ಇದಕ್ಕಿಂತ ಜಾಸ್ತಿ. ಈ ಜರಡಿ ಹಿಡಿಯುತ್ತಿದ್ದದ್ದು ಪ್ಲಾನ್ ಮಾಡುವಾಗ ಮಾತ್ರ. 'ಕಳೆದ ಏಳು ದಿನ' ಎಂದು, ಈಗಿನ ಸಮಯ ಕೊಡುವ ನೌ() ಹಾಕಿ ಕೇಳಿದರೆ, ಅದರ ಮೌಲ್ಯ ಓಡುವ ಹೊತ್ತಿಗಷ್ಟೇ ಖಚಿತ. ಹಾಗಾಗಿ ಪ್ಲಾನರ್ ಯಾವುದನ್ನೂ ಬಿಡದೆ ಎಲ್ಲ ಪಾರ್ಟಿಷನ್‌ಗಳನ್ನೂ ಪಟ್ಟಿಗೆ ಸೇರಿಸುತ್ತಿತ್ತು. ಎಷ್ಟು ಸಹಜವಾದ ಪ್ರಶ್ನೆ, ಅಲ್ವಾ? ಅದಕ್ಕೇ ಈ ಗತಿ. ತಪ್ಪಿಸಿಕೊಳ್ಳಲು ತಾರೀಖನ್ನು ಮೊದಲೇ ಲೆಕ್ಕ ಹಾಕಿ ಕ್ವೆರಿಯೊಳಗೆ ಅಂಟಿಸಬೇಕಿತ್ತು.

2017ರ 10ನೇ ಆವೃತ್ತಿಯಲ್ಲಿ 'ಪಾರ್ಟಿಷನ್ ಬೈ' ಎಂದು ನೇರವಾಗಿ ಬರೆಯುವ ಸೌಕರ್ಯ ಬಂತು. ಟ್ರಿಗರ್ ಕಾಟ ತಪ್ಪಿತು. ಆದರೆ ಒಳಗಿನ ಜರಡಿ ಹಳೆಯದೇ.

ನಿಜವಾದ ತಿರುವು 2018ರ 11ನೇ ಆವೃತ್ತಿ. ಪಾರ್ಟಿಷನ್‌ಗಳ ಎಲ್ಲೆಗಳು ಹೇಗೂ ಕ್ರಮವಾಗಿ ಜೋಡಿಸಿರುತ್ತವೆ. ನಿಘಂಟಿನಲ್ಲಿ ಪದ ಹುಡುಕುವಂತೆ ನೇರ ಆ ಜಾಗಕ್ಕೆ ಹೋದರಾಯಿತು. ಜೊತೆಗೆ ಕ್ವೆರಿ ಓಡುವಾಗಲೂ ಬೇಡದ್ದನ್ನು ಬಿಡುವ ಬುದ್ಧಿ ಬಂತು. ನೌ() ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಒಂದೇ ರೀತಿ ಒಡೆದ ಎರಡು ಟೇಬಲ್‌ಗಳನ್ನು ಜೋಡಿ ಜೋಡಿಯಾಗಿ ಜಾಯಿನ್ ಮಾಡುವ ಸೌಲಭ್ಯವೂ ಬಂತು. ಆದರೆ ಅದಕ್ಕೆ ಪ್ಲಾನ್ ಮಾಡುವಾಗ ಮೆಮೊರಿ, ಸಮಯ ಎರಡೂ ಜಾಸ್ತಿ ಬೇಕು. ಬೇಕಾದವರು ಸೆಟ್ಟಿಂಗ್ ಬದಲಿಸಿ ಶುರು ಮಾಡಿಕೊಳ್ಳಬೇಕು. 2019ರ 12ನೇ ಆವೃತ್ತಿ ಸಾವಿರಾರು ಪಾರ್ಟಿಷನ್‌ಗಳ ಭಾರವನ್ನೂ ಹಗುರ ಮಾಡಿತು.

ಇಷ್ಟಾದರೂ ಒಂದು ಹಳೆಯ ಹಳ್ಳಕ್ಕೆ ಜನ ಇವತ್ತಿಗೂ ಬೀಳುತ್ತಾರೆ. ತಾರೀಖಿನ ಕಾಲಂ ಮೇಲೆ ಪಾರ್ಟಿಷನ್ ಮಾಡಿ, ಹುಡುಕುವಾಗ ಅದೇ ಕಾಲಂ ಅನ್ನು ತಾರೀಖನ್ನು ತಿಂಗಳಿಗೋ ವರ್ಷಕ್ಕೋ ಕತ್ತರಿಸುವ ಡೇಟ್‌ಟ್ರಂಕ್‌ನಂಥ ಫಂಕ್ಷನ್ ಒಳಗೆ ತೂರಿಸುತ್ತಾರೆ. ಆಗ ಎಲ್ಲೆಗೂ ಷರತ್ತಿಗೂ ತಾಳೆ ಬೀಳುವುದಿಲ್ಲ. ಪಾರ್ಟಿಷನ್‌ಗಳೆಲ್ಲ ಮತ್ತೆ ಸಾಲಾಗಿ ನಿಲ್ಲುತ್ತವೆ. ಕ್ವೆರಿಯ ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಅವುಗಳ ಹೆಸರು ಒಂದರ ಕೆಳಗೊಂದು ಕಾಣುತ್ತವೆ. ಅದೇ ಷರತ್ತನ್ನು 'ಮಾರ್ಚ್ 1ರಿಂದ ಏಪ್ರಿಲ್ 1ಕ್ಕಿಂತ ಮುಂಚೆ' ಎಂದು ಬರೆದು ಇನ್ನೊಮ್ಮೆ ಹಾಕಿ. ಒಂದೇ ಹೆಸರು ಉಳಿದಿರುತ್ತದೆ.