ಪಾಯಿಂಟ್ ಎಷ್ಟು ಅನ್ನುವುದು ಅರ್ಧ ಕಥೆ

ಡೊಂಬಿವಿಲಿಯಿಂದ ಮಾಟುಂಗಾವರೆಗೆ ಯಾವ ಹೆರಿಗೆ ಆಸ್ಪತ್ರೆಗೆ ಹೋದರೂ ನಮ್ಮ ಕನ್ನಡದ ಅಜ್ಜಿಯರು ಕೇಳುವುದು ಒಂದೇ. "ಕಾಮಾಲೆ ಎಷ್ಟು ಪಾಯಿಂಟ್ ಇದೆ?" ಪ್ರಶ್ನೆ ಸರಿಯೇ. ಪಾಯಿಂಟ್ ಅಂದರೆ ಮೈ ಹಳದಿ ಮಾಡುವ ಬಿಲಿರುಬಿನ್ ರಕ್ತದಲ್ಲಿ ಎಷ್ಟಿದೆ ಅನ್ನುವ ಅಳತೆ, 100 ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಆದರೆ ಕೂಸಿನ ಮಿದುಳಿಗೆ ಅಪಾಯ ಎಷ್ಟು ಅಂತ ಆ ಅಂಕಿಯೊಂದೇ ಹೇಳುವುದಿಲ್ಲ. ವೈದ್ಯರಿಗೂ ಇದು ಗೊತ್ತಾಗಲು 80 ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

1875ರಲ್ಲಿ ಜರ್ಮನಿಯ ವೈದ್ಯ ಯೋಹಾನೆಸ್ ಓರ್ಟ್, ಕಾಮಾಲೆಯಾಗಿ ಸತ್ತ ಕೂಸಿನ ಮಿದುಳಿನಲ್ಲಿ ಕೆಲವು ಜಾಗ ಮಾತ್ರ ಗಾಢ ಹಳದಿಯಾಗಿದ್ದುದನ್ನು ಗಮನಿಸಿದರು. 1904ರ ಹೊತ್ತಿಗೆ ಅದೇ ದೇಶದ ಕ್ರಿಸ್ಟಿಯಾನ್ ಶ್ಮೋರ್ಲ್ ಅದನ್ನು ‘ಕರ್ನಿಕ್ಟೆರಸ್’ ಎಂದು ಕರೆದರು. ಕಾಮಾಲೆಯಾಗಿ ಸತ್ತ 120 ಶಿಶುಗಳನ್ನು ಅವರು ಪರೀಕ್ಷಿಸಿದಾಗ 6ಕ್ಕೆ ಮಾತ್ರ ಈ ಕಲೆ ಇತ್ತು. ಉಳಿದವರ ಮಿದುಳನ್ನು ಕಾಪಾಡಿದ್ದು ಏನು?

ತಾಯಿಯ ಮತ್ತು ಕೂಸಿನ ಆರ್‌ಎಚ್ ರಕ್ತದ ಗುಂಪು ಹೊಂದದಿದ್ದರೆ ಕೂಸಿನ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ಈ ಗುಂಪು ಪತ್ತೆಯಾದ ಮೇಲೆ, 1940ರ ದಶಕದಲ್ಲಿ, ಕೂಸಿನ ರಕ್ತವನ್ನೇ ಬದಲಿಸುವ ಚಿಕಿತ್ಸೆ ಬಂತು. 20 ಪಾಯಿಂಟ್ ದಾಟಿದರೆ ಅಪಾಯ ಅನ್ನುವ ಗೆರೆ 1952ರದ್ದು.

ನಾಲ್ಕೇ ವರ್ಷದಲ್ಲಿ ಆ ಗೆರೆ ಅಲುಗಾಡಿತು. ನ್ಯೂಯಾರ್ಕಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಸೋಂಕು ತಗಲದಿರಲಿ ಎಂದು ಸಲ್ಫಾ ಎಂಬ ಬ್ಯಾಕ್ಟೀರಿಯಾ ತಡೆಯುವ ಔಷಧಿ ಕೊಟ್ಟು ನೋಡಿದರು. ಆ ಗುಂಪಿನಲ್ಲೇ ಸಾವು ಜಾಸ್ತಿಯಾಯಿತು, ಮಿದುಳು ಹಳದಿಯಾಗಿತ್ತು. ವಿಚಿತ್ರ ಅಂದರೆ ರಕ್ತದಲ್ಲಿ ಬಿಲಿರುಬಿನ್ ಅಷ್ಟೇನೂ ಇರಲಿಲ್ಲ!

ಗಂಟು ಬಿಡಿಸಿದ್ದು 1959ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಜೆರಾರ್ಡ್ ಓಡೆಲ್. ಕೆಂಪು ರಕ್ತಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ರಕ್ತದಲ್ಲಿ ಅದು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಲಿವರ್ ತನಕ ಹೋಗಬೇಕು. ಅಂಟಿಕೊಂಡಿರುವಷ್ಟು ಹೊತ್ತು ಅದು ಮಿದುಳಿನ ತಡೆಗೋಡೆ ದಾಟದು. ಸಲ್ಫಾ ಬಂದು ಲೋಕಲ್ ಟ್ರೇನಿನಲ್ಲಿ ಸೀಟು ಹಿಡಿದ ಹಾಗೆ ಆಲ್ಬುಮಿನ್ನಿನ ಜಾಗ ಹಿಡಿಯಿತು. ಎದ್ದು ನಿಂತ ಬಿಲಿರುಬಿನ್ ರಕ್ತ ಬಿಟ್ಟು ಮಿದುಳಿಗೆ ಇಳಿಯಿತು.

ಒಳಗೆ ಹೋದ ಬಿಲಿರುಬಿನ್ ನರಕೋಶದ ಪೊರೆಯನ್ನೂ ಅದಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾವನ್ನೂ ಕೆಡಿಸುತ್ತದೆ. ಮೈಯ ಚಲನೆ ನಿಯಂತ್ರಿಸುವ ಗ್ಲೋಬಸ್ ಪ್ಯಾಲಿಡಸ್, ಕಿವಿಯಿಂದ ಬರುವ ನರದ ಕೇಂದ್ರಗಳು ಮೊದಲು ಪೆಟ್ಟು ತಿನ್ನುತ್ತವೆ. ಬದುಕುಳಿದ ಮಗುವಿಗೆ ಕೈಕಾಲು ಮಾತು ಕೇಳುವುದಿಲ್ಲ, ಕಿವಿ ಕೇಳಿಸದಿರಬಹುದು. ಬುದ್ಧಿ ಮಾತ್ರ ಎಷ್ಟೋ ಸಲ ಚುರುಕಾಗಿಯೇ ಇರುತ್ತದೆ. ನನಗೆ ಇದರಲ್ಲಿ ಅತಿ ಕ್ರೂರ ಅನಿಸುವುದು ಇದೇ.

ಮುಂಬೈ ಮನೆಗಳಲ್ಲಿ ಕೂಸಿಗೆ ಕಾಮಾಲೆ ಅಂದರೆ ಬಾಣಂತಿಯ ಊಟದಲ್ಲಿ ಅರಿಶಿನ ಬಂದ್ ಮಾಡುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಟ್ರಂಕಿನ ನುಸಿಗುಳಿಗೆಗೆ ಸಂಬಂಧ ಇದೆ. ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಆ ವಾಸನೆಯ ಬಟ್ಟೆ ಹೊದಿಸಿದರೂ ರಕ್ತಕಣ ಒಡೆಯಬಹುದು. ಈ ನಗರದ ಪಾರ್ಸಿಗಳಲ್ಲಿ ಈ ಕೊರತೆ ಹೆಚ್ಚು, ಹಾಗಂತ ಬೇರೆಯವರಿಗೆ ಇಲ್ಲ ಅಂತಲ್ಲ.

ಹಾಗಾಗಿ ಈಗ ವೈದ್ಯರು ಪಾಯಿಂಟ್ ಒಂದನ್ನೇ ನೋಡುವುದಿಲ್ಲ. ಹುಟ್ಟಿ ಎಷ್ಟು ಗಂಟೆ, ಎಷ್ಟು ವಾರಕ್ಕೆ ಹುಟ್ಟಿದ್ದು, ಸೋಂಕು ಇದೆಯೇ, ಆಲ್ಬುಮಿನ್ ಕಡಿಮೆಯೇ ಎಂದೂ ನೋಡುತ್ತಾರೆ. 15 ಇದ್ದರೂ ಒಂದು ಕೂಸು ಮನೆಗೆ ಹೋಗಬಹುದು, ಇನ್ನೊಂದು ಬಿಲಿರುಬಿನ್ ಇಳಿಸುವ ನೀಲಿ ಬೆಳಕಿನ ಕೆಳಗೆ ಮಲಗಬೇಕಾಗಬಹುದು. ಆದರೆ ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ, ಪಾಯಿಂಟ್ ಎಷ್ಟೇ ಇರಲಿ, ತಡಮಾಡದೆ ತೋರಿಸಬೇಕು.